ಬತ್ತಿ ತೀರುವವರೆಗೆ

ನಮ್ಮ ಕಾಕಾ ತಪಕೀರು ಬಿಟ್ಟಷ್ಟು ಸಲ ಈ ಭೂಮಿಯ ಮೇಲೆ ಬೇರೆ ಯಾರೂ ಬಿಟ್ಟಿರಲಾರರು! ತಪಕೀರು ಅಂದರೆ ಮೂಗಿಗೆ ಏರಿಸುವ ನಶ್ಯ. ಬಿಡುವುದೇನು ದೊಡ್ಡ ಮಾತಲ್ಲ, ಎಷ್ಟೋ ಜನ ಬಿಡುತ್ತಾರೆ. ಆದರೆ ಕಾಕಾ ಬಿಟ್ಟದ್ದನ್ನು ಅಚ್ಚು ಹಾಕಿಸುತ್ತಿದ್ದರು. ನಾನು ಗದಗಿನ ಒಂದು ವಾರಪತ್ರಿಕೆಯಲ್ಲಿ ವರದಿಗಾರ. ಅವರು ಬೆಟಗೇರಿಯಲ್ಲಿ ಶಾಲಾ ಮಾಸ್ತರು. ನನ್ನ ಪಾಲಿನ ಕರ್ಮ, ಇನ್ನೇನು?

"ಸ್ವರಾಜ್ಯ ಬರುವವರೆಗೆ ತಪಕೀರು ಮುಟ್ಟುವುದಿಲ್ಲ" ಎಂಬುದು ಮೊದಲ ಪ್ರಕಟಣೆ. ಹದಿನೈದು ದಿನಕ್ಕೆ ಎರಡನೆಯದು ಬಂತು: "ಮುಟ್ಟಿದೆ."

ಸಂಪಾದಕರು ಕನ್ನಡಕ ಏರಿಸಿದರು. "ಇದು ಪತ್ರಿಕೆನೋ, ನಿಮ್ಮ ಕಾಕಾನ ಮೂಗಿನ ಚರಿತ್ರೆನೋ?"

"ಮಾತು ಊರಿಗೆಲ್ಲಾ ಹೇಳಿ ಕೊಟ್ಟೀನ್ರಿ," ಎಂದರು ಚೀಟಿ ತಂದು ಎದುರಿಗೇ ನಿಂತಿದ್ದ ಕಾಕಾ. "ತಪ್ಪಿದ್ದೂ ಊರಿಗೆಲ್ಲಾ ತಿಳೀಬೇಕಲ್ರಿ?"

ನಾನು ಚುಟುಕಾಗಿ, "ಮಾಸ್ತರರು ಪ್ರತಿಜ್ಞೆಯಿಂದ ಬಿದ್ದರು" ಎಂದು ಬರೆದೆ. ಪತ್ರಿಕೆ ಹೊರಬಿದ್ದ ದಿನವೇ ಕಾಕಾ ನನ್ನನ್ನು ಮನೆಗೆ ಕರೆಸಿದರು.

"ಲೇ, ಬಿದ್ದ ಅಂತ ಯಾವಾಗ ಬರೀಬೇಕು ಗೊತ್ತೈತೇನು? ಒಂದು ಚಿಟಿಕಿ ಏರಿಸಿ ಡಬ್ಬಿ ಒಗದ್ರ ಅದು ಎಡವಿದ್ದು. ಡಬ್ಬಿ ಮುಚ್ಚಿಟ್ರ ಜಾರಿದ್ದು. ನಾಚಿಕಿ ಬಿಟ್ಟು ಎಲ್ಲಾರ ಮುಂದ ಏರಿಸಿದ್ರ ಬಿದ್ದದ್ದು. ನಾ ಬಿದ್ದಿಲ್ಲ. ತಿದ್ದುಪಡಿ ಹಾಕು!"

ಅಡುಗೆಮನೆಯಿಂದ ಅವರ ಹೆಂಡತಿ, ನಮ್ಮ ಕಾಕು, ಸಾಕ್ಷಿ ನುಡಿದರು: "ಡಬ್ಬಿ ಅಕ್ಕಿ ಗಡಿಗ್ಯಾಗ ಐತಿ. ಜಾರಿದ್ದ ಖರೆ."

ತಿದ್ದುಪಡಿ ಅಚ್ಚಾಯಿತು.

ಆಮೇಲೆ ಕಾಕಾ ಒಂದು ಉಪಾಯ ಕಂಡುಕೊಂಡರು. ಪ್ರತಿ ಶನಿವಾರ ಅವರು ಲಕ್ಷ್ಮೇಶ್ವರಕ್ಕೆ ಹೋಗುತ್ತಿದ್ದರು. ಮನೆತನದ ಗುಡಿಯಲ್ಲಿ ಪೂಜೆಯ ಪಾಳಿ ಅವರದು. ಗದಗು ಇಂಗ್ರಜರದು, ಲಕ್ಷ್ಮೇಶ್ವರ ಸಂಸ್ಥಾನದ್ದು. ಬಸ್ಸು ಗಡಿ ದಾಟಿತೋ ಇಲ್ಲವೋ, ಹಿಂದಿನ ಸೀಟಿನಿಂದ ಸೀನು ಕೇಳಿಸುತ್ತಿತ್ತು!

"ಏನ್ರಿ ಕಾಕಾ ಇದು?" ಎಂದೆ, ಒಮ್ಮೆ ಜೊತೆಗೆ ಹೋದಾಗ.

"ಪ್ರತಿಜ್ಞಾ ಮಾಡಿದ್ದು ಇಂಗ್ರಜರ ವಿರುದ್ಧ. ಇದು ರಾಜರ ನೆಲ. ಇಲ್ಲಿ ಅದು ನಡ್ಯಂಗಿಲ್ಲ."

ಸ್ವರಾಜ್ಯ ಬಂದ ದಿನ ಊರಿನಲ್ಲೆಲ್ಲ ಜಯಕಾರ. ನಮ್ಮ ಕಾಕಾ ಮಾತ್ರ ಕೂತು ಮನಸಾರೆ ಸೀನಿದರು. ಮರುವಾರ ಹೊಸ ಪ್ರಕಟಣೆ: "ಕರ್ನಾಟಕ ಒಂದಾಗುವವರೆಗೆ ಮುಟ್ಟುವುದಿಲ್ಲ." ಕೆಲವೇ ತಿಂಗಳಲ್ಲಿ ಸಂಸ್ಥಾನಗಳು ವಿಲೀನವಾದವು. ಕಾಕಾ ಮುಖ ಸಣ್ಣದು ಮಾಡಿದರು. ರಾಜರು ಹೋದದ್ದಕ್ಕೆ ನಮ್ಮ ಸೀಮೆಯಲ್ಲಿ ಅಷ್ಟು ದುಃಖಪಟ್ಟವರು ಇನ್ನೊಬ್ಬರಿಲ್ಲ.

ಆ ಚಳಿಗಾಲದಲ್ಲಿ ಅವರ ಒಬ್ಬಳೇ ಮಗಳು ವಿಷಮಜ್ವರ ಬಂದು ಮಲಗಿದಳು. ಹನ್ನೊಂದು ವರ್ಷದವಳು. ಇಪ್ಪತ್ತೊಂದು ದಿನ ಕಾಕಾ ದೇವರ ಮುಂದಿನಿಂದ ಏಳಲಿಲ್ಲ. ಇಪ್ಪತ್ತೆರಡನೆಯ ದಿನ ಮಗಳು ಹೋದಳು. ಅಂದಿನಿಂದ ಅವರು ದೇವರ ಮುಂದೆ ಕೂರಲಿಲ್ಲ. ಗುಡಿಯ ಪಾಳಿಯನ್ನು ದಾಯಾದಿಗಳಿಗೆ ಒಪ್ಪಿಸಿಬಿಟ್ಟರು. ಮನೆಯ ದೇವರ ಜಗಲಿಯ ಮೇಲಿನ ಗಂಟೆ ಮೂಕವಾಯಿತು.

ಈ ಸಲ ಪ್ರಕಟಣೆ ಬರಲಿಲ್ಲ. ಕೇಳಬಾರದಿತ್ತು, ಕೇಳಿದೆ. ವೃತ್ತಿಯ ಕೆಟ್ಟ ಗುಣ.

"ಇದಕ್ಕ ಯಾವ ಶಬ್ದ ಕಾಕಾ?"

ಕಾಕಾ ಜಗಲಿಯ ಕಡೆಗೆ ಬೆನ್ನು ಮಾಡಿ ಕೂತರು. "ಎಡವಿದ್ದಲ್ಲ, ಜಾರಿದ್ದಲ್ಲ, ಬಿದ್ದದ್ದೂ ಅಲ್ಲ. ನಾ ಎದ್ದು ಬಂದೀನಿ."

ತಪಕೀರನ್ನು ಈಗ ಎಲ್ಲರೆದುರು ಏರಿಸತೊಡಗಿದರು. ಸೀನು ಮಾತ್ರ ಮೊದಲಿನಂತೆ ಬರುತ್ತಿರಲಿಲ್ಲ. ಬಿದ್ದರು ಎಂದು ಬರೆಯಲು ನನಗೂ ಕೈ ಏಳಲಿಲ್ಲ.

ಕಾಕು ದಿನಾ ಜಗಲಿ ಒರೆಸಿ ಹೂ ಇಡುತ್ತಿದ್ದರು. ದೀಪ ಹಚ್ಚುತ್ತಿರಲಿಲ್ಲ, "ಅದು ಅವರ ಕೆಲಸ" ಅನ್ನುವರು. ಆದರೆ ಮಧ್ಯಾಹ್ನ ಊಟವಾದ ಮೇಲೆ ಕೂತು ಅರಳೆ ಹೊಸೆದು ಬತ್ತಿ ಮಾಡಿ, ಒಂದು ದೊಡ್ಡ ಬಿಸ್ಕೀಟಿನ ಡಬ್ಬಿಗೆ ಹಾಕುವರು. ವರ್ಷಗಟ್ಟಲೆ!

"ಹಚ್ಚೋರ ಇಲ್ಲ, ಯಾಕ ಹೊಸೀತೀರಿ ಕಾಕು?"

"ಜಾರೋ ಮನಶ್ಯಾ ಅವರು. ಒಂದಿನ ಹಿಂದಕ್ಕೂ ಜಾರ್ತಾರ. ಆವಾಗ ಬತ್ತಿ ಇಲ್ಲ ಅನ್ನಬಾರದಲ್ಲ?"

ಕರ್ನಾಟಕ ಒಂದಾದ ವರ್ಷ, ಒಂದಾಗುವ ಮೊದಲೇ, ಕಾಕು ತೀರಿಕೊಂಡರು. ಅವರು ಇರುವವರೆಗೆ ಆ ದೀಪ ಹತ್ತಲಿಲ್ಲ.

ಹದಿನಾಲ್ಕನೆಯ ದಿನ ಕಾಕಾ ಕಚೇರಿಗೆ ಬಂದು ನನ್ನ ಮೇಜಿನ ಮೇಲೆ ಒಂದು ಚೀಟಿ ಇಟ್ಟರು. ಎಂಟು ವರ್ಷದ ಮೇಲೆ ಅದೇ ದುಂಡು ಅಕ್ಷರ. "ನನ್ನ ಹೆಂಡತಿ ಹೊಸೆದಿಟ್ಟ ಬತ್ತಿ ತೀರುವವರೆಗೆ ಮಾತ್ರ ದೇವರಿಗೆ ದೀಪ ಹಚ್ಚುತ್ತೇನೆ. ನಂಬಿಕೆ ಬಂತೆಂದು ಯಾರೂ ತಿಳಿಯಬಾರದು."

"ಎಷ್ಟು ಅದಾವ ಬತ್ತಿ?"

"ಎಣಿಸಿಲ್ಲ. ಆಕಿ ಕೈಯಾರೆ ಮಾಡಿದ್ದು, ಕೆಡಸಾಕ ಮನಸಿಲ್ಲ. ಅಷ್ಟ. ಡಬ್ಬಿ ಬರಿದಾದ ದಿನ ನಾ ಮತ್ತ ಎದ್ದು ಬರ್ತೀನಿ."

ಸಂಪಾದಕರು ಚೀಟಿ ಓದಿದರು. ಈ ಸಲ ಮೂಗಿನ ಮಾತು ಆಡಲಿಲ್ಲ. ಒಂದಕ್ಷರವನ್ನೂ ತಿದ್ದದೆ ಅಚ್ಚಿಗೆ ಕಳಿಸಿದರು.

ರಾಜ್ಯ ಒಂದಾಯಿತು. ಮಳೆಗಾಲಗಳು ಬಂದು ಹೋದವು. ಬೆಟಗೇರಿಯ ಆ ಮನೆಯಲ್ಲಿ ಬೆಳಿಗ್ಗೆ ಬೆಳಿಗ್ಗೆ ಗಂಟೆ ಕೇಳಿಸುತ್ತಲೇ ಇತ್ತು. ಎಷ್ಟು ದೊಡ್ಡ ಡಬ್ಬಿಯಾದರೇನು, ಇಷ್ಟು ವರ್ಷ ಬಂದೀತೇ? ವರದಿಗಾರನಿಗೆ ಸಂಶಯ ಬಂದರೆ ಕೂತಲ್ಲಿ ಕೂರಲಾಗುವುದಿಲ್ಲ. ಒಂದು ಮಧ್ಯಾಹ್ನ ಕೂಗದೆ ಒಳಗೆ ಹೋದೆ.

ಕಾಕು ಕೂರುತ್ತಿದ್ದ ಜಾಗದಲ್ಲಿ ಕಾಕಾ ಕೂತಿದ್ದರು. ಧೋತರ ಮೊಣಕಾಲಿನವರೆಗೆ ಏರಿತ್ತು, ಮೊಣಕಾಲ ಮೇಲೆ ಅರಳೆ. ಹೊಸೆದ ಬತ್ತಿ ಒಂದು ಕಡೆ ದಪ್ಪ, ಒಂದು ಕಡೆ ಎಳೆ. ಪಕ್ಕದಲ್ಲಿ ಡಬ್ಬಿಯ ಬಾಯಿ ತೆರೆದಿತ್ತು. ನನ್ನನ್ನು ಕಂಡದ್ದೇ, ಹಿಂದೆ ತಪಕೀರಿನ ಡಬ್ಬಿ ಮುಚ್ಚುತ್ತಿದ್ದ ಹಾಗೆ, ಅರಳೆಯನ್ನು ಗಬಕ್ಕನೆ ತೊಡೆಯ ಕೆಳಗೆ ತುರುಕಿದರು.

"ಜಾರೀನಿ ಲೇ," ಎಂದರು. ಕಣ್ಣು ತುಂಬಿತ್ತು. "ಇದೊಂದು ಹಾಕಬ್ಯಾಡ."

ನಾನು ಪಕ್ಕದಲ್ಲಿ ಕೂತು, ಅವರ ತೊಡೆಯ ಕೆಳಗಿನಿಂದ ಒಂದಿಷ್ಟು ಅರಳೆ ಎಳೆದುಕೊಂಡೆ. ನನ್ನ ಬತ್ತಿ ಅವರದಕ್ಕಿಂತ ಸೊಟ್ಟಗಾಯಿತು.