ನೆರಳಪ್ಪ ತಿದ್ದಿಕೊಂಡನೇ?

ಈ ಸಲ ನಾಗರ ಪಂಚಮಿಗೆ ನನ್ನ ತಂಗಿ ಕಸ್ತೂರಿಯನ್ನು ಕರೆಯಲು ನಾನು ಹೋಗಲಿಲ್ಲ. 'ಹೋಗಲು ಆಗಲಿಲ್ಲ' ಎಂದು ಬರೆಯಬಹುದಿತ್ತು. ಬರೆದೂ ಇದ್ದೆ, ಆಮೇಲೆ ಹೊಡೆದುಹಾಕಿದೆ. ಬಸ್ಸಿತ್ತು, ಕಾಲೂ ಗಟ್ಟಿಯಿದ್ದವು, ನಮ್ಮ ಭಾಲ್ಕಿಯಿಂದ ಅವಳ ಔರಾದ್ ಏನು ಕಾಶಿಯಷ್ಟು ದೂರವಲ್ಲ. ಅವ್ವ ತೀರಿಕೊಂಡ ಮೇಲೆ ಅವಳಿಗೆ ತವರು ಎಂದರೆ ನಾನು, ನನ್ನ ಹೆಂಡತಿ, ನಮ್ಮ ಹಿಟ್ಟಿನ ಗಿರಣಿ, ಇಷ್ಟೇ. ನಮ್ಮ ಕಡೆ ಅಣ್ಣನಾದವನು ಖುದ್ದಾಗಿ ಹೋಗಬೇಕು. ತಂಗಿಯ ಅತ್ತೆಮನೆಯ ಕಟ್ಟೆಯ ಮೇಲೆ ಕೂತು, ಅವರು ಕೊಟ್ಟ ನೀರು ಕುಡಿದು, 'ನಮ್ಮ ಹುಡುಗಿನ್ನ ಕಳಿಸ್ರಿ' ಎಂದು ಬಾಯಿಬಿಟ್ಟು ಕೇಳಬೇಕು. ಹಾಗೆ ಕೇಳಿದರೇ ಅವಳು ತಲೆಯೆತ್ತಿಕೊಂಡು ಹೊರಡುವುದು. ಇದು ಗೊತ್ತಿದ್ದೂ ನಾನು ಹೋಗಲಿಲ್ಲ. ಕಾರಣ ಒಬ್ಬ ಸೂಪರ್ ಹೀರೋ.

ಅವನಿಗೆ ಇಂಗ್ಲಿಷಿನಲ್ಲಿ ಒಂದು ದೊಡ್ಡ ಹೆಸರಿದೆ. ಏಳನೇ ಇಯತ್ತೆಗೇ ಶಾಲೆಗೆ ಸಲಾಮು ಹೊಡೆದ ನನ್ನ ನಾಲಿಗೆ ಆ ಹೆಸರಿನ ಸುತ್ತ ಹೊರಳುವುದಿಲ್ಲ. ಕಸ್ತೂರಿ ಅವನಿಗೆ ನೆರಳಪ್ಪ ಎಂದು ನಾಮಕರಣ ಮಾಡಿದ್ದಾಳೆ. ಅವನ ಶಕ್ತಿ ಏನೆಂದರೆ, ತನ್ನ ನೆರಳನ್ನು ತನ್ನಂತೆಯೇ ಎಬ್ಬಿಸಿ ಬೇಕಾದಲ್ಲಿಗೆ ಕಳಿಸುತ್ತಾನೆ. ಅವನ ದೋಷವೂ ಅದೇ. ಊರಿಗೆ ಬೆಂಕಿ ಬಿದ್ದರೆ ತಾನೇ ಹಾರಿಹೋಗುತ್ತಾನೆ, ಮನೆಯ ಕೆಲಸಕ್ಕೆ ಮಾತ್ರ ನೆರಳನ್ನು ಕಳಿಸುತ್ತಾನೆ. ಸಿನೆಮಾದ ಎರಡನೇ ಭಾಗದಲ್ಲಿ ಸ್ವಂತ ತಂಗಿಯ ಮದುವೆಗೂ ನೆರಳೇ ಹೋಗಿ ಅಕ್ಷತೆ ಹಾಕಿಬರುತ್ತದೆ. ಕೊನೆಯಲ್ಲಿ ಪ್ರತಿಸಲವೂ ಅವನು ಎತ್ತರದ ಕಟ್ಟಡದ ತುದಿಯಲ್ಲಿ ನಿಂತು ಕಣ್ಣೀರು ಹಾಕುತ್ತಾನೆ. ಹಿಂದೆ ಪಿಟೀಲು ಕೂಗುತ್ತದೆ. ನಾನೂ ಅಳುತ್ತೇನೆ.

ನಮ್ಮಿಬ್ಬರ ಜಗಳ ಇದರ ಮೇಲೆಯೇ. ಅವನು ನಿಜವಾಗಿ ತಿದ್ದಿಕೊಳ್ಳುತ್ತಾನೋ ಇಲ್ಲವೋ? ತಿದ್ದಿಕೊಳ್ಳುತ್ತಾನೆ ಎಂದು ನನ್ನ ವಾದ. ಫೋನಿನಲ್ಲಿ ಕಸ್ತೂರಿ ನಗುತ್ತಿದ್ದಳು. "ಅಣ್ಣಾ, ನೀ ಗಿರಣ್ಯಾಗ ದಿನಾ ನೋಡ್ತಿ. ಮ್ಯಾಲ ಜ್ವಾಳ ಸುರದ್ರ ಕೆಳಗ ಹಿಟ್ಟು ಬರ್ತದ. ಮತ್ತ ಅದು ಜ್ವಾಳ ಆಗ್ತದೇನು? ನಿನ್ನ ನೆರಳಪ್ಪ ಹರ ಸಲ ಕಡೀಗಿ ಹಿಟ್ಟಾಗ್ತಾನ, ಮುಂದಿನ ಭಾಗಕ್ಕ ಮತ್ತ ಜ್ವಾಳ ಆಗಿ ಬರ್ತಾನ. ಖರೇ ತಿದ್ದಿಕೊಂಡ್ರ ಮುಂದಿನ ಭಾಗ ಹ್ಯಾಂಗ ತೆಗೀತಾರ?" ಇದರ ಉತ್ತರ ಮೂರನೇ ಭಾಗದಲ್ಲಿ ಇರುತ್ತದೆ ಎಂದು ನಂಬಿದ್ದೆ.

ಮೂರನೇ ಭಾಗ ಬೀದರಿಗೆ ಬಂತು. ನೋಡೋಣ ನೋಡೋಣ ಎನ್ನುತ್ತಲೇ ಜೋಳ ಬೀಸುತ್ತ ಕೂತೆ. ಪಂಚಮಿಗೆ ತಂಗಿಯನ್ನು ಕರೆತರುವ ದಿನವೇ ಅದರ ಕೊನೆಯ ಆಟ ಎಂದು ತಿಳಿಯಿತು. ಆಗ ನನಗೆ ಹೊಳೆದ ಉಪಾಯವನ್ನು ನಾನು ಬಹಳ ಮೆಚ್ಚಿಕೊಂಡೆ. ನಮ್ಮ ಓಣಿಯ ಖಾಜಾನನ್ನು ಆಟೋ ಸಮೇತ ಔರಾದಿಗೆ ಕಳಿಸುವುದು. ತಂಗಿ ಬಂದರಾಯಿತಲ್ಲ, ಯಾರು ಕರೆದರೇನು? ಉಂಡಿಯ ಬುತ್ತಿಯನ್ನೂ ಸೀರೆಯನ್ನೂ ಅವನ ಕೈಗಿಟ್ಟು, "ಅಣ್ಣಗ ಸೊಂಟ ಹಿಡದದ ಅಂತ ಹೇಳು" ಎಂದೆ. "ಸುಳ್ಳು ನನಗ ಸರಿಯಾಗಿ ಬರಂಗಿಲ್ಲ ಭಾಯಿ" ಎಂದು ಖಾಜಾ ಮೊದಲೇ ಹೇಳಿದ್ದ. ನಾನು ಅದನ್ನು ವಿನಯ ಎಂದುಕೊಂಡೆ.

ಬೀದರಿನ ಟಾಕೀಸಿನಲ್ಲಿ ಆ ದಿನ ನೆರಳಪ್ಪ ಕಾಯಿಲೆ ಬಿದ್ದ ತಂಗಿಯನ್ನು ನೋಡಲು ಮತ್ತೆ ನೆರಳನ್ನೇ ಕಳಿಸಿದ. ನನಗೆ ಎಂಥ ಸಿಟ್ಟು ಬಂತೆಂದರೆ, ತೊಡೆ ತಟ್ಟಿ, "ನಾಲಾಯಕ! ತಂಗಿ ಹತ್ತಿರ ಖುದ್ದ ಹೋಗಲಿಕ್ಕೆ ಏನಾಗೇದ ನಿನಗ?" ಎಂದು ಕೂಗಿಬಿಟ್ಟೆ. ಮುಂದಿನ ಸಾಲಿನವರು ತಿರುಗಿ ನೋಡಿದರು. ಅಷ್ಟು ಹೊತ್ತಿಗೆ ನನ್ನ ಖಾಜಾ ಸಂತಪುರ ದಾಟಿರಬೇಕು. ಆದರೂ ನನಗೆ ಏನೂ ಹೊಳೆಯಲಿಲ್ಲ. ಬೇರೆಯವರ ದೋಷ ಅಷ್ಟು ದೊಡ್ಡ ಪರದೆಯ ಮೇಲೆ ಕಾಣುವಾಗ ಸ್ವಂತದ್ದನ್ನು ಹುಡುಕಲು ಪುರುಸೊತ್ತು ಯಾರಿಗಿರುತ್ತದೆ?

ಸಂಜೆ ಮನೆಗೆ ಬಂದರೆ ಬಾಗಿಲಲ್ಲಿ ಖಾಲಿ ಆಟೋ. ಖಾಜಾ ಕಟ್ಟೆಯ ಮೇಲೆ ಕೂತಿದ್ದ, ಹೊಟ್ಟೆ ತುಂಬಿದವನ ಹಾಗೆ. ಹೆಗಲ ಮೇಲೆ ಹೊಸ ಟವೆಲ್.

"ಕಸ್ತೂರಿ ಎಲ್ಲಿ?"

"ಬರಲಿಲ್ಲ ಭಾಯಿ. ಕಸ್ತೂರಿ ಆಪಾ ಒಬ್ಬರೇ ಆಟೋ ಹತ್ತಿರ ಬಂದು, ಅಣ್ಣ ಯಾಕ ಬರಲಿಲ್ಲ ಅಂದ್ರು. ಸೊಂಟ ಹಿಡದದ ಅಂದೆ. ದವಾಖಾನಿಗಿ ಹೋಗ್ಯಾನೇನು ಅಂದ್ರು. ಇಲ್ಲ ಆಪಾ, ಟಾಕೀಸಿಗಿ ಹೋಗ್ಯಾರ ಅಂತ ಬಾಯಿಗಿ ಬಂದುಬಿಡ್ತು."

"ಮತ್ತ?"

"ಮತ್ತೇನು, ಕರೀಲಿಕ್ಕೆ ಬಂದವನೇ ಅಣ್ಣ ಅಂತ ಹೋಳಿಗಿ ಹಾಕಿದ್ರು, ಈ ಟವೆಲ್ ಹೊಚ್ಚಿದ್ರು. ಬಹುತ್ ಇಜ್ಜತ್ ಮಾಡಿದ್ರು ಭಾಯಿ. ನಿಮ್ಮ ಸೀರಿ, ಬುತ್ತಿ ಹಿಂದಿನ ಸೀಟಿನ್ಯಾಗ ಅವ."

ಆ ಟವೆಲ್ ನನಗೆ ಬರಬೇಕಾದದ್ದು. ಹೆಂಡತಿ ಬುತ್ತಿಯನ್ನು ಒಳಗಿಡುತ್ತ, "ಮುಂದಿನ ವರ್ಷ ಗಿರಣಿ ಮೋಟಾರು ಕಳಿಸ್ರಿ, ಅದಕ್ಕೂ ಒಂದು ಟವೆಲ್ ಸಿಗ್ತದ" ಎಂದಳು. ಆಮೇಲೆ ದನಿ ತಗ್ಗಿಸಿ, "ಅತ್ತಿಮನ್ಯಾಗ ಆಕಿ ಏನಂತ ಹೇಳಿರ್ತಾಳ?" ಎಂದಳು. ನನಗೆ ನಾಟಿದ್ದು ಈ ಎರಡನೇ ಮಾತು. ಪಂಚಮಿಗೆ ತವರಿಗೆ ಬಂದ ಓಣಿಯ ಹೆಣ್ಣುಮಕ್ಕಳೆಲ್ಲ ಜೋಕಾಲಿ ಜೀಕಿದರು. ಕಸ್ತೂರಿ ಔರಾದಿನಲ್ಲೇ ಉಳಿದಳು. ನನ್ನ ಫೋನು ಎತ್ತಲಿಲ್ಲ.

ಹಬ್ಬ ಮುಗಿದ ಮೇಲೆ ಔರಾದಿನ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಕಿಟಕಿಯ ಗಾಜಿಗೆ ಕ್ಷಮೆ ಕೇಳುತ್ತ ಹೋದೆ. ಬಹಳ ಚೆನ್ನಾಗಿ ಬಂತು. ಆದರೆ ಅವಳ ಅಂಗಳಕ್ಕೆ ಕಾಲಿಟ್ಟಾಗ ಒಂದು ಅಕ್ಷರವೂ ನೆನಪಿಗೆ ಬರಲಿಲ್ಲ. ಅವಳ ಅತ್ತೆ ನೀರು ಕೊಟ್ಟು, "ಸೊಂಟ ಹ್ಯಾಂಗದರಿ ಈಗ?" ಎಂದು ಕೇಳಿದರು. ತಂಗಿ ನನ್ನ ಮಾನ ಉಳಿಸಿದ್ದಾಳೆ ಎಂದು ಆಗ ಗೊತ್ತಾಯಿತು.

ಅತ್ತೆ ಒಳಗೆ ಹೋದ ಮೇಲೆ ಕಸ್ತೂರಿ ತೊಗರಿಬೇಳೆಯ ಮೊರ ಹಿಡಿದು ಎದುರಿಗೆ ಕೂತಳು. ನನ್ನ ಮುಖ ನೋಡಲಿಲ್ಲ.

"ಕಥಿ ಹೇಳು. ತಿದ್ದಿಕೊಂಡನೇನು?"

"ಕಡೀಗಿ ಕಟ್ಟಡದ ಮ್ಯಾಲ ನಿಂತು ಇಡೀ ಶಹರಕ್ಕ ತಪ್ಪಾಯ್ತು ಅಂತಾನ."

"ತಂಗಿ ಹತ್ತಿರ ಹೋದನೇನು?"

"ಇಲ್ಲ."

"ಮತ್ತ ಶಹರಕ್ಕ ಯಾಕ ಹೇಳಿದ? ಶಹರ ಹಾದಿ ಕಾಯ್ದಿತ್ತೇನು? ಮುಂಜಾನಿಂದ ಸೀರಿ ಉಟ್ಟು ಕುಂತಿತ್ತೇನು?"

ನಾನು ಗೋಡೆಯ ಗಡಿಯಾರದ ಕಡೆ ನೋಡುತ್ತ, "ಮುಂದಿನ ವರ್ಷ ಏನೇ ಆಗಲಿ, ನಾನೇ ಬರ್ತೇನಿ" ಎಂದೆ.

"ಗಡಿಯಾರಕ್ಕ ಹೇಳಬ್ಯಾಡ. ಮುಂದಿನ ವರ್ಷದ್ದೂ ನಕೋ. ಈ ವರ್ಷದ್ದು ಹೇಳು."

ಪಿಟೀಲು ಬರಲಿಲ್ಲ. ಹಾರಿಹೋಗಲು ಎತ್ತರದ ಕಟ್ಟಡವೂ ಇರಲಿಲ್ಲ. ಒಳಗಿನಿಂದ ಅತ್ತೆ ಕೇಳಿಸಿಕೊಳ್ಳುತ್ತಾರೆ ಎಂಬ ಹೆದರಿಕೆ ಇತ್ತು. ಕೇಳಿಸಿಕೊಳ್ಳಲಿ ಎಂದು ದನಿಯೆತ್ತಿಯೇ ಹೇಳಿದೆ:

"ತಪ್ಪಾಯ್ತವಾ ಕಸ್ತೂರಿ. ನನಗ ಸೊಂಟ ಹಿಡದಿರಲಿಲ್ಲ. ನೀ ಹಾದಿ ಕಾಯ್ತಿ ಅಂತ ಗೊತ್ತಿದ್ದೇ ಸಿನೆಮಾಕ್ಕ ಹೋಗಿದ್ದೆ."