ಮೂವತ್ತನೇ ಪುಟದ ಕುಂಕುಮ

ದಾವಣಗೆರೆಯಲ್ಲಿ ಕಾದಂಬರಿ ಬಾಡಿಗೆಗೆ ಕೊಡುವ ಅಂಗಡಿ ನನ್ನದು. ಪತ್ತೇದಾರಿ ಕಾದಂಬರಿಕಾರರೊಬ್ಬರು ಬರೆದು ಬರೆದು ಅದರ ಒಂದು ಗೋಡೆಯನ್ನೇ ತುಂಬಿಸಿದ್ದಾರೆ. ಆ ಗೋಡೆಯ ಮುಂದೆ ನಿಂತು "ಮುಂದೆ ಯಾವ್ದು ಓದ್ಲಿ?" ಎಂದು ಜನ ತಲೆ ಕೆರೆದುಕೊಳ್ಳುತ್ತಿರುವವರೆಗೆ ನನಗೆ ನಗುವಿಗೂ ಬರವಿಲ್ಲ, ವ್ಯಾಪಾರಕ್ಕೂ ಬರವಿಲ್ಲ.

ಸವೆದ ರಟ್ಟು

ಇಲ್ಲೇ ಊರಂಚಿನ ಕರೂರಿನ ಕಾರ್ಖಾನೆಯವರೊಬ್ಬರು ಬಂದು, "ಇದ್ರಾಗೆ ಚಲೋದು ಯಾವ್ದೈತ್ರಿ?" ಎಂದರು. ಮದುವೆಮನೆಯಲ್ಲಿ ಹೆಣ ಬೀಳುವ ಕಥೆಯೊಂದಿತ್ತು. ಅದರ ರಟ್ಟು ಎಲ್ಲಕ್ಕಿಂತ ಹೆಚ್ಚು ಸವೆದಿತ್ತು. ಅದನ್ನೇ ಕೊಟ್ಟೆ.

"ನೀವು ಓದೀರೇನು?"

"ಇಲ್ರಿ. ಸಕ್ಕರೆ ಕಾಯಿಲೆ ಇರೋನು ಬೆಲ್ಲ ಮಾರಲ್ವೇನ್ರಿ?"

ವಾರದೊಳಗೆ ತಿರುಗಿ ಬಂದರು. ಮುಖ ಕೆಂಪಗಿತ್ತು. "ಕೊನೇ ಹಾಳೇನೇ ಇಲ್ಲ! ಕೊಂದೋನು ಯಾರ್ರಿ?"

"ಅದಕ್ಕೇ ಸವೆದೈತ್ರಿ," ಎಂದೆ. "ಒಯ್ದೋರೆಲ್ಲ ಅದನ್ನೇ ಹುಡುಕ್ಯಾರೆ."

ಮನೆ ಅಳಿಯ

ಗುತ್ತೂರಿನ ಗೃಹಸ್ಥರೊಬ್ಬರು ಕೊನೆಯ ಪುಟ ನೋಡಿಯೇ ಪುಸ್ತಕ ಆರಿಸುವುದು. ಕೊಂದವನು ಅಳಿಯನಾಗಿದ್ದರೆ ಪುಸ್ತಕ ಮತ್ತೆ ಗೋಡೆಗೆ.

"ಅಳಿಯನ ಮ್ಯಾಲೆ ಏನ್ ಅಷ್ಟು ಮಮಕಾರ್ರಿ?"

"ನಾನು ಮನೆ ಅಳಿಯ ಇದೀನ್ರಿ. ನಾನು ಓದಿದ್ಮೇಲೆ ನಮ್ಮ ಮಾವ ಓದ್ತಾರೆ."

ಕುಂಕುಮ

ಹರಿಹರದಿಂದ ವಾರಕ್ಕೊಮ್ಮೆ ಬಸ್ಸಿನಲ್ಲಿ ಬರುವ ಅಕ್ಕನಿಗೆ ಯಾವುದು ಓದಿದ್ದು, ಯಾವುದು ಬಿಟ್ಟಿದ್ದು ನೆನಪಿರುವುದಿಲ್ಲ. ಹಾಗಾಗಿ ಓದಿ ಮುಗಿಸಿದ್ದರ ಮೂವತ್ತನೇ ಪುಟದಲ್ಲಿ ಒಂದು ಕುಂಕುಮದ ಚುಕ್ಕಿ ಇಡುತ್ತಾರೆ. ಬಾಡಿಗೆ ಪುಸ್ತಕ ಓದುವವರ ಹಳೇ ಪದ್ಧತಿ ಇದು. ಕೆಲವರದು ನಕ್ಷತ್ರ, ಕೆಲವರದು ಗೀಟು. ನಾನು ಬೈಯುವುದಿಲ್ಲ.

ಒಂದು ದಿನ ಅಕ್ಕ ಯಾವುದನ್ನು ತೆಗೆದರೂ ಚುಕ್ಕಿ. ಮುಖ ಬಾಡಿತು. "ಎಲ್ಲಾ ಮುಗೀತೇನ್ರಿ ಸಾವ್ಕಾರ್ರೆ? ಇನ್ನ ಏನ್ ಓದ್ಲಿ ನಾನು?"

ಕಾಯಂ ಗಿರಾಕಿ ಕೈತಪ್ಪಿತಲ್ಲ ಎಂದು ನಾನೂ ಒಂದೊಂದೇ ಪುಸ್ತಕ ತೆಗೆದು ನೋಡಿದೆ. ಅಷ್ಟರಲ್ಲಿ ಅಕ್ಕ ಒಂದು ಚುಕ್ಕಿಯನ್ನು ಬೆರಳಿಂದ ಉಜ್ಜಿದರು. ಬೆರಳಿಗೆ ಏನೂ ಹತ್ತಲಿಲ್ಲ. "ಇದು ಕುಂಕುಮ ಅಲ್ರಿ. ಕೆಂಪು ಪೆನ್ನು!"

ಹಿಂದಿನ ವಾರ ಅವರ ಯಜಮಾನರು ಬಂದು, "ಸುಮ್ನೆ ನೋಡ್ತೀನ್ರಿ" ಎಂದು ಗೋಡೆಯ ಹತ್ತಿರ ಬಹಳ ಹೊತ್ತು ನಿಂತದ್ದನ್ನು ಹೇಳಿಬಿಟ್ಟೆ.

"ನಾ ಓದ್ತಾ ಕೂತ್ರೆ ರೊಟ್ಟಿ ಸೀದು ಹೋಗ್ತಾವೆ ಅಂತ ಅವ್ರಿಗೆ ಸಿಟ್ಟು," ಎಂದು ಅಕ್ಕ ನಕ್ಕರು. "ಇರ್ಲಿ ಬಿಡ್ರಿ, ಪೆನ್ನು ಇದ್ದಿದ್ದೆಲ್ಲ ನಾ ಓದದೇ ಇದ್ದಿದ್ದು. ಪಾಪ, ಹುಡುಕೋ ಕೆಲಸ ಅವ್ರೇ ಮಾಡಿಕೊಟ್ಟಾರೆ." ಮದುವೆಮನೆಯ ಹೆಣದ ಕಥೆಗೆ ನಾನು ಆಮೇಲೆ ತರಿಸಿದ್ದ ಹೊಸ ಪ್ರತಿ ಎತ್ತಿಕೊಂಡು ಹೊರಟರು.

ನಾಲ್ಕು ದಿನ ಬಿಟ್ಟು ಯಜಮಾನರು ಬಂದರು. ದನಿ ತಗ್ಗಿಸಿ, "ಮದುವೆಮನೇಲಿ ಹೆಣ ಬೀಳುತ್ತಲ್ಲ, ಆ ಪುಸ್ತಕ ಇನ್ನೊಂದೈತೇನ್ರಿ? ಚುಕ್ಕಿ ಇಡಾಕೆ ಅಂತ ಮೂವತ್ತನೇ ಪುಟ ತೆಗೆದೆ ನೋಡ್ರಿ, ಆವತ್ತಿಂದ ನಿದ್ದಿಲ್ಲ."

"ಅದು ನಿಮ್ಮ ಮನೇಲೇ ಐತಲ್ರಿ!"

"ಮುಟ್ಟಾಕೆ ಬಿಡವಲ್ಲಳು. ಕೊಂದೋನು ಯಾರು ಅಂದ್ರೆ, 'ಮೊದ್ಲು ರೊಟ್ಟಿ ಬಡೀರಿ' ಅಂತಾಳೆ."

"ಬಡಿದೀರೇನು?"

"ದಿನಾ ಬಡೀತಿದೀನಿ. ಉಂಡು ಕೈ ತೊಳ್ಕೊಂಡು, ದಿನಕ್ಕೊಬ್ಬನ ಹೆಸರು ಹೇಳಿ 'ಇವ್ನು ಕೊಂದಿಲ್ಲ' ಅಂತಾಳ್ರಿ!"

ಕನಿಕರ ಬಂತು. ಇನ್ನೊಂದು ಪ್ರತಿ ಇತ್ತಲ್ಲ, ಕೊಟ್ಟು ಕಳಿಸಿದೆ.

ರಟ್ಟು ಭಾಳ ಸವೆದಿತ್ತು.