ಬಾವಿಗೊಂದು ಪುರಾವೆ

ನಿಯಮ ಹೇಳುವವನಿಗೆ ನಗಲು ಪುರುಸೊತ್ತಿರುವುದಿಲ್ಲ. ನಗುವ ಪ್ರಸಂಗಗಳು ಮಾತ್ರ ಅವನನ್ನೇ ಹುಡುಕಿಕೊಂಡು ಬರುತ್ತವೆ. ಹಳ್ಳಿಗಳಲ್ಲಿ ಹಿಂದೆ ನೀರು ಎಲ್ಲಿಂದ ಬರುತ್ತಿತ್ತು, ಈಗ ಎಲ್ಲಿಂದ ಬರುತ್ತಿದೆ ಎಂದು ಟ್ಯಾಬ್‌ನಲ್ಲಿ ನಕ್ಷೆ ಮಾಡುವುದು ನನ್ನ ಕೆಲಸ. ಬಾವಿಯನ್ನು ಯಾವ ಇಸವಿಯಲ್ಲಿ ಬಳಸುತ್ತಿದ್ದರು ಎಂಬುದಕ್ಕೆ ಕಾಗದದ ಪುರಾವೆ ಇಲ್ಲದೆ ನಕ್ಷೆಯಲ್ಲಿ ಚುಕ್ಕೆ ಇಡಬಾರದೆಂಬ ನಿಯಮ ನಾನೇ ಮಾಡಿದ್ದು.

ಆಳಂದ ತಾಲ್ಲೂಕಿನ ಒಂದು ಊರಿನಲ್ಲಿ ಆ ನಿಯಮ ಒಬ್ಬ ಅಜ್ಜಿಯ ಕುತ್ತಿಗೆಗೆ ಬಂತು. ಅವಳ ಮನೆಯೆದುರಿನ ಬಾವಿಯನ್ನು ಶುಕ್ರವಾರ ಮುಚ್ಚಿ ಮಳಿಗೆ ಕಟ್ಟುವುದೆಂದು ಪಂಚಾಯಿತಿ ನಿಶ್ಚಯಿಸಿತ್ತು. ನಕ್ಷೆಯಲ್ಲಿ ಚುಕ್ಕೆ ಇದ್ದರೆ ಮಾತ್ರ ಅದನ್ನು ಯಾರೂ ಮುಟ್ಟುವಂತಿರಲಿಲ್ಲ. ಅಷ್ಟರೊಳಗೆ ಪುರಾವೆ ತನ್ನಿ ಎಂದೆ.

"ನೀರು ಕುಡದದ್ದಕ್ಕ ಯಾರ್ ಕಾಗದ ಮಾಡ್ತಾರಪ್ಪಾ?" ಎಂದಳು.

ನಾನು ಅಫಜಲಪುರದ ಬಸ್ಸು ಹತ್ತಿದೆ.

ಬದುವಿನ ಮೇಲಿನ ಬಾವಿ

ಅಲ್ಲಿ ಅಣ್ಣತಮ್ಮಂದಿರ ಹೊಲಗಳ ನಡುವಿನ ಬದುವಿನ ಮೇಲೆ ಒಂದು ಹಳೆಯ ಬಾವಿ. ಯಾರದೆಂದು ಕೇಳಿದೆ. ಚುಕ್ಕೆ ಬಿದ್ದರೆ ಹೊಲ ಸರ್ಕಾರಕ್ಕೆ ಹೋಗುತ್ತದೆಂಬ ಸುದ್ದಿ ನನಗಿಂತ ಮುಂಚೆ ತಲುಪಿತ್ತು. ಅಣ್ಣ ಅದು ತಮ್ಮನದೆಂದ, ತಮ್ಮ ಅಣ್ಣನದೆಂದ. ಇಬ್ಬರ ನಡುವೆ ವರ್ಷಗಟ್ಟಲೆ ಮಾತಿಲ್ಲವಂತೆ. ನನ್ನ ಮುಖ ನೋಡಿಯೇ ಒಬ್ಬರಿಗೊಬ್ಬರು ಬೈದರು. ಇಬ್ಬರ ಕೈಯಲ್ಲೂ ಕುಡುಗೋಲು. ನಾನು ಎರಡು ಹೆಜ್ಜೆ ಹಿಂದೆ ಸರಿದು, ಹೆಸರು ಬರೆಯದೆ ಹೋಗುವುದಿಲ್ಲ ಎಂದೆ. ಇಬ್ಬರೂ ಬೇವಿನ ಮರದಡಿ ಹೋಗಿ ಬಹಳ ಹೊತ್ತು ಮಾತಾಡಿದರು. ಬಂದು ಆಚೆಗಿದ್ದ ಮೂರನೆಯವನ ಹೊಲದ ಕಡೆ ಕೈ ತೋರಿಸಿ ಒಟ್ಟಿಗೆ ಹೇಳಿದರು, "ಬಾವಿ ಆ ಕಡೆ ಹೊಲದವಂದು ನೋಡ್ರಿ."

ಶಾದಿಯ ಮರುವರ್ಷ

ಗುರುವಾರ ಜೇವರ್ಗಿಯ ದಾರಿಯಲ್ಲಿದ್ದಾಗ ಅಜ್ಜಿ ಫೋನು ಮಾಡಿ, ಆ ಬಾವಿಯ ನೀರು ಹೊತ್ತ ತಾಮ್ರದ ಕೊಡ ಇದೆ, ನಡೆಯುತ್ತದೆಯೇ ಎಂದು ಕೇಳಿದಳು. ಕೊಡದ ಮೇಲೆ ಇಸವಿ ಇಲ್ಲ, ನಡೆಯುವುದಿಲ್ಲ ಎಂದೆ.

ಜೇವರ್ಗಿ ಕಡೆಯ ಹಳ್ಳಿಯಲ್ಲಿ ಒಬ್ಬ ಚಾಚಾ ಸಿಕ್ಕರು. ನಿಮ್ಮ ಬಾವಿ ಬತ್ತಿದ್ದು ಯಾವಾಗ ಎಂದು ವಿಚಾರಿಸಿದೆ. ಶಾದಿಯಾದ ಮರುವರ್ಷ ಎಂದರು. ಶಾದಿ ಯಾವಾಗ? ಬಾವಿ ಬತ್ತುವುದಕ್ಕೆ ಒಂದು ವರ್ಷ ಮೊದಲು. ಗಡುಸಾಗಿ ಮೂರನೇ ಸಲ ಕೇಳಿದಾಗ ಒಳಗಿನಿಂದ ಚಾಚಿ ಉತ್ತರಿಸಿದರು:

"ಇವ್ರು ನನ್ನ ಕೊಡ ಹೊತ್ತಿದ್ದು ಒಂದೇ ವರ್ಷ ರೀ ಸಾಹೇಬ್ರ. ಆಮ್ಯಾಲ ಬಾವಿ ಬತ್ತ್ಯದ ಅಂತ ಕುಂತುಬಿಟ್ರು. ನಾ ಮುಂದ ಇಪ್ಪತ್ತು ವರ್ಷ ಅದರಾಗೇ ನೀರು ಸೇದೇನಿ."

ಜೂನ್ ಒಂದು

ಶುಕ್ರವಾರ ಆಳಂದದ ಊರು ಮುಟ್ಟಿದಾಗ ಜೆಸಿಬಿ ಬಾವಿಯ ಪಕ್ಕದಲ್ಲಿ ಗುರುಗುಡುತ್ತಿತ್ತು. ಪಂಚಾಯಿತಿ ಅಧ್ಯಕ್ಷರು ಗಡಿಯಾರ ನೋಡುತ್ತಿದ್ದರು. ಅಜ್ಜಿ ಬಾವಿಯ ಕಟ್ಟೆಯ ಮೇಲೆ ಕೂತಿದ್ದಳು. ಸುತ್ತ ತಲೆ ನರೆತ ಗಂಡಸರು, ಹೆಂಗಸರು, ಎಲ್ಲರ ಕೈಯಲ್ಲೂ ಶಾಲೆಯ ಸರ್ಟಿಫಿಕೇಟು.

ಬಾಣಂತಿ ಮೊದಲ ಸಲ ಹೊರಗೆ ಬಂದಾಗ ಬಾವಿಗೆ ಗಂಗಿ ಪೂಜೆ ಮಾಡಿ ನೀರು ತರುವುದು ಅಲ್ಲಿನ ಪದ್ಧತಿ. ಇವರು ಹುಟ್ಟಿದಾಗ ಇವರ ತಾಯಂದಿರೆಲ್ಲ ಇದೇ ಬಾವಿಗೆ ಬಂದಿದ್ದರು. ಆದ್ದರಿಂದ ಮಗು ಹುಟ್ಟಿದ ವರ್ಷ ಬಾವಿಯಲ್ಲಿ ನೀರಿತ್ತು ಎಂಬುದು ಅಜ್ಜಿಯ ವಾದ. ನನಗೆ ಒಪ್ಪಿಗೆಯಾಯಿತು. ಕಾಗದ ಓದತೊಡಗಿದೆ. ಜೂನ್ ಒಂದು. ಮುಂದಿನದೂ ಜೂನ್ ಒಂದು. ಇಸವಿ ಬೇರೆ ಬೇರೆ, ದಿನ ಮಾತ್ರ ಎಲ್ಲರದೂ ಅದೇ. ಹುಟ್ಟಿದ ದಿನ ಗೊತ್ತಿಲ್ಲದ ಮಕ್ಕಳಿಗೆಲ್ಲ ಮಾಸ್ತರರು ಶಾಲೆ ಶುರುವಾಗುವ ದಿನವನ್ನೇ ಬರೆದುಬಿಟ್ಟಿದ್ದರು.

ಅಧ್ಯಕ್ಷರಿಗೆ ಅದೇ ಬೇಕಿತ್ತು. ಇವೆಲ್ಲ ಬೋಗಸ್ ಕಾಗದ ಎಂದು ಜೆಸಿಬಿಗೆ ಕೈ ಬೀಸಿದರು. ಸಂಶಯವಿರುವ ಕಾಗದ ಒಪ್ಪಬಾರದೆಂಬುದೂ ನನ್ನದೇ ನಿಯಮ. ಟ್ಯಾಬ್ ಮುಚ್ಚುವಷ್ಟರಲ್ಲಿ ಅಜ್ಜಿ ಕೂತಲ್ಲಿಂದಲೇ ಅಧ್ಯಕ್ಷರನ್ನು ಕೇಳಿದಳು:

"ಲೇ ತಮ್ಮಾ, ನಿಂದೂ ಜೂನ್ ಒಂದೇ ಹೌದಲ್ಲೋ? ಅದೇ ಕಾಗದ ತೋರ್ಸಿ ಎಲೆಕ್ಷನ್ ನಿಂತಿದಿ. ಅದು ಬೋಗಸ್ ಇದ್ರ ಇವತ್ತ ಸಾಹೇಬ್ರ ಮುಂದ ಹೇಳಿಬಿಡು."

ಅಧ್ಯಕ್ಷರು ಜೆಸಿಬಿಗೆ ನಿಲ್ಲುವಂತೆ ಕೈ ತೋರಿಸಿ, "ಕಾಗದ ಖರೇನೇ ಅವ ಸರ್," ಎಂದರು.

ಜೆಸಿಬಿ ಹಿಂದಕ್ಕೆ ಹೊರಟಿತು. ನಾನು ತಾರೀಖುಗಳನ್ನು ಇದ್ದದ್ದು ಇದ್ದಂತೆ ನಮೂದಿಸಿ ಚುಕ್ಕೆ ಇಟ್ಟೆ. ತಿಂಗಳಾದ ಮೇಲೆ ಮೇಲಿನ ಕಚೇರಿಯಿಂದ ಪತ್ರ ಬಂತು: ಸದರಿ ಬಾವಿಯ ನೀರು ಕುಡಿದ ತಾಯಂದಿರೆಲ್ಲ ಜೂನ್ ಒಂದರಂದೇ ಹೆತ್ತಿರುವುದು ಗಮನಕ್ಕೆ ಬಂದಿದೆ, ಒಂದು ಲೀಟರ್ ನೀರನ್ನು ತಕ್ಷಣ ಪರೀಕ್ಷೆಗೆ ಕಳಿಸತಕ್ಕದ್ದು.